ಬೆನ್ನಿನ ಲಾಡಿ

ಫಾರಂನ ಏಳನೇ ಪ್ರಶ್ನೆಗೆ ಬಂದಾಗ ಟೇಲರಮ್ಮನ ಬಾಯಲ್ಲಿ ಮೂರು ಗುಂಡುಪಿನ್ನುಗಳಿದ್ದವು. ‘ನಿಮ್ಮ ಕೆಲಸದಲ್ಲಿ ನೀವೇ ನಿರ್ಧಾರ ತೆಗೆದುಕೊಳ್ಳುತ್ತೀರಾ?’ ಸಿಬ್ಬಂದಿಯ ನೆಮ್ಮದಿ ತಿಳಿಯಲು ಆಸ್ಪತ್ರೆಯ ಮನಃಶಾಸ್ತ್ರಜ್ಞೆ ಹಂಚಿದ ಫಾರಂ ಅದು.

ಪಿನ್ನು ತೆಗೆದು ಕೇಳಿದಳು: “ಏನಂತ ಬರೀಲಣ್ಣಾ?”

“ಸ್ಟೋರ್ ಸಾಹೇಬ್ರು ಬರ್ತಿದಾರೆ. ಅವರ ಮುಖ ನೋಡ್ಕೊಂಡು ಬರಿ,” ಎಂದ ಹೊಲಿಗೆ ಕೋಣೆಯ ಮೂಲೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಇಸ್ತ್ರಿಯಣ್ಣ.

ಸಾಹೇಬರ ಕೈಯಲ್ಲಿ ರೋಗಿಗಳು ತೊಡುವ ಹಸಿರು ಗೌನಿತ್ತು. ಅಂಥ ನಲವತ್ತರಲ್ಲಿ ಬೆನ್ನಿನ ಲಾಡಿ ಕಿತ್ತು, ಪಕ್ಕಕ್ಕೆ ಬಟ್ಟೆಯ ಗುಂಡಿ, ಕುಣಿಕೆ ಹೊಲಿದವಳು ಅವಳೇ. ಯಾರನ್ನೂ ಕೇಳಿರಲಿಲ್ಲ.

“ನಮೂನೆ ಬದಲಾಯಿಸೋಕೆ ನೀನ್ಯಾರಮ್ಮ? ಎಲ್ಲಾ ಬಿಚ್ಚು. ಇಲ್ಲಾಂದ್ರೆ ಹೊರಗಿಂದ ರೆಡಿಮೇಡ್ ತರಿಸಿ ಈ ಕೋಣೆಗೆ ಬೀಗ ಹಾಕಿಸ್ತೀನಿ.”

ಅವಳು ಇಪ್ಪತ್ತೆರಡು ವರ್ಷ ಮೇಲಿನವರು ಕೊಟ್ಟ ನಮೂನೆಯಂತೆಯೇ ಬಟ್ಟೆ ಕತ್ತರಿಸಿದವಳು. ಪ್ರತಿ ಕಂತಿನ ಮೊದಲ ಗೌನನ್ನು ತಾನೇ ತೊಟ್ಟು ನೋಡುವುದು ಅವಳ ರೂಢಿ. ಲಾಡಿ ಕಟ್ಟಿ ನೋಡುತ್ತಿದ್ದದ್ದು ಮಾತ್ರ ಎರಡೂ ಕೈಯಿಂದ. ಹೋದ ವರ್ಷ ಪಿತ್ತಕೋಶದ ಆಪರೇಷನ್ ಆಗಿ ಬಲಗೈಗೆ ಡ್ರಿಪ್ ಏರಿಸಿದಾಗ, ತಾನೇ ಹೊಲಿದ ಗೌನಿನ ಲಾಡಿ ಕಟ್ಟಿಕೊಳ್ಳಲಾಗದೆ, ಬೆನ್ನು ಗೋಡೆಗೆ ಆನಿಸಿಕೊಂಡೇ ಶೌಚಾಲಯದ ತನಕ ಸಾಗಿದ್ದಳು. ಆ ಹತ್ತು ಹೆಜ್ಜೆ ಅವಳಿಗೆ ಮರೆತಿರಲಿಲ್ಲ.

ಮೊದಲಾಗಿದ್ದರೆ “ಆಯ್ತು ಸರ್” ಎಂದು ಹೊಲಿಗೆ ಬಿಚ್ಚಲು ಕೂರುತ್ತಿದ್ದಳು. ಇಂದು ಮೇಜಿನ ಮೇಲೆ ಹಳೆಯ ಗೌನೊಂದನ್ನು ಹರವಿದಳು.

“ಬಲಗೈ ಅಲ್ಲಾಡಿಸ್ಬೇಡಿ ಸರ್, ಸೂಜಿ ಚುಚ್ಚಿದಾರೆ ಅನ್ಕೊಳ್ಳಿ. ಎಡಗೈಲಿ ಇದನ್ನ ಕಟ್ಕೊಂಡ್ಬಿಡಿ, ಈಗ್ಲೇ ಎಲ್ಲಾ ಬಿಚ್ತೀನಿ.”

ಸಾಹೇಬರು ಶರ್ಟಿನ ಮೇಲೆ ಗೌನು ತೊಟ್ಟರು. ಎಡಗೈ ಬೆನ್ನ ಹಿಂದೆ ಲಾಡಿಗಾಗಿ ತಡಕಾಡಿತು. ಅತ್ತ ತಿರುಗಿದರು, ಇತ್ತ ತಿರುಗಿದರು.

“ಇನ್ನೊಂದು ಸುತ್ತಿಗೆ ತಲೆ ತಿರುಗತ್ತೆ ಸರ್,” ಎಂದ ಇಸ್ತ್ರಿಯಣ್ಣ.

“ನೀನು ಸುಮ್ನೆ ಇಸ್ತ್ರಿ ಮಾಡಯ್ಯ!”

ಅದನ್ನು ಕಳಚಿ, ತಾವು ತಂದಿದ್ದ ಗೌನು ತೊಟ್ಟಾಗ ಅದರ ಗುಂಡಿ ಒಂದೇ ಕೈಗೆ, ಒಂದೇ ಸಲಕ್ಕೆ ಕೂತಿತು. ಸಾಹೇಬರು ಅದನ್ನು ಎರಡು ಸಲ ಬಿಚ್ಚಿ ಹಾಕಿ ನೋಡಿದರು.

“ಕೇಳಿ ಮಾಡಬಹುದಿತ್ತಲ್ಲ?”

“ಕೇಳ್ಬೇಕಿತ್ತು, ಅದು ನನ್ನ ತಪ್ಪು. ಮುಂದಿನ ಸಲ ಕೇಳ್ತೀನಿ ಸರ್, ಒಂದು ಹೊಲಿದು ಕೈಲಿ ಹಿಡ್ಕೊಂಡು.”

“ಒಂದು ತಿಂಗಳು ನೋಡೋಣ. ಸಿಸ್ಟರ್‌ಗಳು ಬೇಡ ಅಂದ್ರೆ ನಲವತ್ತೂ ಬಿಚ್ಬೇಕು.”

“ಬಿಚ್ತೀನಿ.”

ಅವರು ಹೋದ ಮೇಲೆ ಟೇಲರಮ್ಮ ಏಳನೇ ಪ್ರಶ್ನೆಗೆ ‘ಹೌದು’ ಎಂದು ಬರೆದು, ಪಿನ್ನುಗಳನ್ನು ಮತ್ತೆ ಬಾಯಿಗಿಟ್ಟುಕೊಂಡಳು. ನಲವತ್ತು ಗೌನುಗಳು ಸೋಮವಾರ ಹೆಂಗಸರ ವಾರ್ಡಿಗೆ ಹೋಗುತ್ತವೆ.