ಮೇಜಿನ ಆಚೆ ಬದಿಯಿಂದ ಮಂಗಳ ಗ್ರಹ

ವಿವರಮ್ಮ ಎಂಬುದು ಅವಳಿಗೆ ಗಂಡ ಇಟ್ಟ ಹೆಸರು. ಮದುವೆಗೆ ಮುಂಚೆ ಅವಳು ರೈಲು ನಿಲ್ದಾಣದಲ್ಲಿ, ಪ್ರಯಾಣಿಕರು ಬಿಟ್ಟುಹೋದ ಸಾಮಾನುಗಳ ಕೌಂಟರಿನಲ್ಲಿ ಆರು ವರ್ಷ ಕೆಲಸ ಮಾಡಿದ್ದಳು. ಕೊಡೆಯೊಂದು ಬಂದರೆ 'ಕೊಡೆ, ಕಪ್ಪು' ಎಂದು ಗೀಚಿ ಕೈ ತೊಳೆದುಕೊಳ್ಳುವವಳಲ್ಲ. 'ಕೊಡೆ, ಕಪ್ಪು, ಒಂದು ಕಡ್ಡಿ ಬಾಗಿದೆ, ಹಿಡಿಯ ಮೇಲೆ ಮಗುವಿನ ಹಲ್ಲಿನ ಗುರುತು' ಎಂದು ಬರೆಯುವಳು. ಮದುವೆಯಾದ ಮೇಲೂ ಆ ಚಾಳಿ ಬಿಡಲಿಲ್ಲ. ಗಂಡ ತನ್ನ ಅಂಗಿ ಎಲ್ಲಿ ಎಂದು ಕೇಳಿದರೆ, ಬಾಗಿಲ ಹಿಂದಿನ ಮೂರನೆಯ ಮೊಳೆಯಲ್ಲಿ, ಅದರ ಮೇಲೆ ನಿಮ್ಮದೇ ಒದ್ದೆ ಟವೆಲು ಇದೆ ಎಂದು ಒಲೆಯ ಮುಂದಿನಿಂದಲೇ ಹೇಳುವಳು. ಇಷ್ಟು ಕೇಳಿಸಿಕೊಂಡ ಮೇಲೂ ಅಂಗಿ ತಂದುಕೊಡಲು ಅವನು ಅವಳನ್ನೇ ಕರೆಯುತ್ತಿದ್ದ.

ನಲವತ್ತಾರನೆಯ ವಯಸ್ಸಿನಲ್ಲಿ ಅವಳಿಗೆ ಮತ್ತೆ ವಿವರ ಬರೆಯುವ ಕೆಲಸ ಸಿಕ್ಕಿತು. ಈ ಸಲ ಕೊಡೆ, ಚೀಲಗಳದ್ದಲ್ಲ, ಮಂಗಳ ಗ್ರಹದ್ದು. ಆ ಗ್ರಹದ ನೆಲವನ್ನು ಮೇಲಿನಿಂದ ತೆಗೆದ ಫೋಟೋ ಕೊಟ್ಟರೆ ಅದರಲ್ಲಿ ಏನೇನಿದೆಯೆಂದು ಯಂತ್ರ ತಾನಾಗಿ ನಮ್ಮ ಮಾತಿನಲ್ಲಿ ಹೇಳಬೇಕು. ಶಾಲೆಯ ಮಕ್ಕಳಿಗೆ, ಕಣ್ಣು ಕಾಣದವರಿಗೆ ಅನುಕೂಲ. ಆದರೆ ಯಂತ್ರಕ್ಕೆ ಹುಟ್ಟುತ್ತಲೇ ಮಾತು ಬರುವುದಿಲ್ಲವಲ್ಲ. ಯಾರಾದರೂ ಸಾವಿರಾರು ಫೋಟೋ ನೋಡಿ, ಇದು ಕುಳಿ, ಇದು ಮರಳಿನ ಏರಿ, ಇಲ್ಲಿ ಒಣಗಿದ ಕಾಲುವೆಯಂಥ ಗೆರೆ ಎಂದು ಬರೆದು ಕಲಿಸಬೇಕು. ಕಲಿಸುವವರಲ್ಲಿ ವಿವರಮ್ಮನೂ ಒಬ್ಬಳು.

ಅತ್ತೆಗೆ ಮಂಗಳ ಗ್ರಹದ ಮೇಲೆ ಬಹಳ ಆಸೆಯಿತ್ತು. ಮೊದಲ ವಾರ ದಿನವೂ ವಿಚಾರಿಸಿದರು.

"ಇವತ್ತು ಏನು ಸಿಕ್ತು?"

"ಕಲ್ಲು, ಅತ್ತೆ."

"ನಿನ್ನೆ?"

"ಅದೂ ಕಲ್ಲೇ."

"ಹೋಗ್ಲಿ ಬಿಡು, ಅಲ್ಲಿ ಗುಡಿಸೋ ಕೆಲಸ ಇಲ್ಲ," ಎಂದು ಅತ್ತೆ ಸಮಾಧಾನ ಹೇಳಿದರು.

ಮೊದಲ ಮೂರು ತಿಂಗಳು ಪರೀಕ್ಷೆಯ ಕಾಲ, ಮನೆಯಿಂದಲೇ ಕೆಲಸ. ಪ್ರತಿಯೊಂದು ಫೋಟೋಗೂ ಮೂವರು ಬೇರೆ ಬೇರೆಯಾಗಿ ವಿವರ ಬರೆಯುತ್ತಿದ್ದರು. ಇಬ್ಬರು ಒಂದು ಹೇಳಿ ಮೂರನೆಯವರು ಇನ್ನೊಂದು ಹೇಳಿದರೆ ಮೂರನೆಯವರ ಅಂಕ ಕಡಿಮೆಯಾಗುತ್ತಿತ್ತು. ಕೊನೆಗೆ ಎಂಬತ್ತಕ್ಕಿಂತ ಹೆಚ್ಚು ಉಳಿಸಿಕೊಂಡವರಿಗೆ ಕೆಲಸ ಕಾಯಂ, ಕಚೇರಿಯಲ್ಲಿ ಜಾಗ. ಆ ಜಾಗವನ್ನು ಅವಳು ಸಂದರ್ಶನದ ದಿನ ನೋಡಿದ್ದಳು: ಕಿಟಕಿಯ ಪಕ್ಕ ಒಂದು ಬೂದು ಬಣ್ಣದ ಕುರ್ಚಿ, ಮೇಜು, ಮೇಜಿಗೆ ಬೀಗವಿರುವ ಡ್ರಾಯರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಮನೆಯ ಯಾವ ಡ್ರಾಯರೂ ಅವಳೊಬ್ಬಳದಾಗಿರಲಿಲ್ಲ. ಅವಳಿಗೆ ಆ ಕುರ್ಚಿ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಅದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಮನೆಯಲ್ಲಿ ಬೆಳಕು ಚೆನ್ನಾಗಿ ಬೀಳುವ ಮೇಜಿನ ಮೇಲೆ ಗಂಡ ಕೈಗಡಿಯಾರ ರಿಪೇರಿ ಮಾಡುತ್ತಿದ್ದ. ಅಲ್ಲಿ ಸ್ಕ್ರೂ ಹಾರುತ್ತದೆಂದು ಯಾರೂ ಉಸಿರನ್ನೂ ಜೋರಾಗಿ ಬಿಡುವಂತಿಲ್ಲ. ಹಾಗಾಗಿ ವಿವರಮ್ಮನ ಪಾಲಿಗೆ ಬಂದದ್ದು ಅಡುಗೆಮನೆಯ ಊಟದ ಮೇಜು. ಕಚೇರಿಯವರು ಕೊಟ್ಟ ಟ್ಯಾಬಿನ ಚಾರ್ಜರಿನ ವೈರು ಮೊಳದುದ್ದ. ಟ್ಯಾಬನ್ನು ಪ್ಲಗ್ಗಿನ ಹತ್ತಿರ, ಕುರ್ಚಿಯ ಕಡೆಗೆ ಮುಖ ಮಾಡಿ ಅಂಗಾತ ಇಡಬೇಕು. ತರಕಾರಿ ಹೆಚ್ಚುವ ಜಾಗ ಎದುರು ಬದಿಗೆ, ಒಲೆಯ ಹತ್ತಿರ. ಅವಳು ಕುರ್ಚಿಯಲ್ಲಿ ಕೂತು ಫೋಟೋ ತೆರೆಯುವಳು, ಕುಕ್ಕರ್ ಕೂಗಿದರೆ ಏಳುವಳು, ಆಚೆ ಬದಿಗೆ ನಿಂತು ಬೀನ್ಸ್ ಹೆಚ್ಚುತ್ತ ಅದೇ ಫೋಟೋವನ್ನು ತಲೆಕೆಳಗಾಗಿ ನೋಡುವಳು, ಅಲ್ಲಿಂದ ಕಂಡದ್ದನ್ನೇ ಮತ್ತೆ ಬಂದು ಕೂತು ಬರೆಯುವಳು. ಉಳಿದವರು ಒಂದು ಫೋಟೋಗೆ ನಾಲ್ಕು ನಿಮಿಷ ತೆಗೆದುಕೊಂಡರೆ ಇವಳಿಗೆ ಹನ್ನೊಂದು.

ಮೂರನೆಯ ತಿಂಗಳ ಕೊನೆಯ ವಾರ ಮೇಲ್ವಿಚಾರಕಿಯಿಂದ ಫೋನು ಬಂತು. ಕೊನೆಯ ಕಂತಿನ ನಲವತ್ತು ಫೋಟೋಗಳಲ್ಲಿ ಉಳಿದಿಬ್ಬರೂ ದುಂಡನೆಯ ದಿಬ್ಬಗಳಿವೆ ಎಂದು ಬರೆದಿದ್ದರು. ವಿವರಮ್ಮನೊಬ್ಬಳೇ ಕುಳಿಗಳು ಎಂದಿದ್ದಳು. ಅವಳ ಅಂಕ ಅರವತ್ತೊಂದಕ್ಕೆ ಇಳಿದಿತ್ತು. ಇನ್ನೊಮ್ಮೆ ನೋಡಿ, ತಪ್ಪೆನಿಸಿದರೆ ನಾಳೆಯೊಳಗೆ ತಿದ್ದಿಬಿಡಿ ಅಕ್ಕ ಎಂದು ಆ ಹುಡುಗಿ ಮೆತ್ತಗೆ ಹೇಳಿದಳು.

ಗಂಡ ಕಣ್ಣಿನ ಭೂತಗನ್ನಡಿ ತೆಗೆಯದೆಯೇ ಬುದ್ಧಿವಾದ ಹೇಳಿದ. "ಅವರು ದಿಬ್ಬ ಅಂದ್ರೆ ನೀನೂ ದಿಬ್ಬ ಅನ್ನು. ಅಷ್ಟು ದೂರ ಹೋಗಿ ನೋಡಿ ಬರೋರು ಯಾರು?"

ಮಾತು ತೆಗೆದುಹಾಕುವಂಥದ್ದಲ್ಲ. ಕುಟುಂಬದಲ್ಲಿ ಅವಳು ಎಷ್ಟೋ ಕುಳಿಗಳನ್ನು ದಿಬ್ಬ ಎಂದು ಒಪ್ಪಿಕೊಂಡು ದಿನ ದೂಡಿದ್ದಳು. ಇನ್ನು ನಲವತ್ತು ಏನು ಮಹಾ? ಅವಳು ಕುರ್ಚಿಯಲ್ಲಿ ಕೂತು ಮೊದಲ ಫೋಟೋ ತೆರೆದಳು. ಅಲ್ಲಿ ನಿಜವಾಗಿಯೂ ದಿಬ್ಬಗಳಿದ್ದವು. ಬೋರಲು ಹಾಕಿದ ಬಟ್ಟಲುಗಳ ಹಾಗೆ, ನೆತ್ತಿಯಲ್ಲಿ ಬೆಳಕು, ಬುಡದಲ್ಲಿ ನೆರಳು. ನನಗೇನು ಕಣ್ಣು ಮಂಜಾಗಿತ್ತೇ ಎಂದುಕೊಂಡು, ತಿದ್ದಲು ಬೆರಳನ್ನೂ ಎತ್ತಿದಳು.

ಅಷ್ಟರಲ್ಲಿ ಹಾಲು ಉಕ್ಕುವ ಸದ್ದಾಗಿ ಎದ್ದು ಆಚೆ ಬದಿಗೆ ಹೋದಳು. ಒಲೆ ಆರಿಸಿ ತಿರುಗಿ ನೋಡಿದರೆ, ಕುಳಿಗಳು.

ಬಂದು ಕೂತಳು, ದಿಬ್ಬ. ಎದ್ದು ಹೋದಳು, ಕುಳಿ. ಮೂರನೆಯ ಸಲ ಎದ್ದಾಗ ಅತ್ತೆ ಬಂದು, ಏನಮ್ಮ ಕಾಲಿಗೆ ಏನಾದ್ರೂ ಹೊಕ್ಕಿದೆಯಾ ಎಂದು ಕೇಳಿದರು. ಎರಡರಲ್ಲಿ ಯಾವುದು ನಿಜವೆಂದು ಕಣ್ಣು ಹೇಳಲಾರದು ಎಂಬುದು ಅವಳಿಗೆ ಆಗ ಹೊಳೆಯಿತು. ಪ್ರತಿಯೊಂದು ಫೋಟೋದ ಜೊತೆ ಒಂದು ಮಾಹಿತಿ ಚೀಟಿ ಇರುತ್ತಿತ್ತು. ತಾಪತ್ರಯವೆಂದು ಯಾರೂ ಅದನ್ನು ತೆರೆಯುತ್ತಿರಲಿಲ್ಲ, ಅವಳೂ ತೆರೆದಿರಲಿಲ್ಲ. ಈಗ ತೆರೆದಳು. 'ಸೂರ್ಯನ ಬೆಳಕು: ಚಿತ್ರದ ಕೆಳ ಅಂಚಿನಿಂದ' ಎಂದಿತ್ತು. ನಲವತ್ತೂ ಫೋಟೋಗಳಲ್ಲಿ ಅದೇ. ಬೆಳಕು ಯಾವಾಗಲೂ ಮೇಲಿನಿಂದಲೇ ಬೀಳುತ್ತದೆಂದು ನಮ್ಮ ಕಣ್ಣಿಗೆ ಅಭ್ಯಾಸ. ಕೆಳಗಿನಿಂದ ಬಿದ್ದರೆ ತಗ್ಗು ಉಬ್ಬಾಗಿ ಕಾಣುತ್ತದೆ. ತಲೆಕೆಳಗು ಮಾಡಿ ನೋಡಿದರೆ ಬೆಳಕು ಮೇಲೆ ಬಂದು, ತಗ್ಗು ತಗ್ಗಾಗಿಯೇ ಕಾಣುತ್ತದೆ.

ಮರುದಿನ ಬೆಳಿಗ್ಗೆ ಅವಳು ಏನನ್ನೂ ತಿದ್ದದೆ ಕಚೇರಿಗೆ ಹೋದಳು. ಟ್ಯಾಬನ್ನು ಮೇಲ್ವಿಚಾರಕಿಯ ಮೇಜಿನ ಮೇಲೆ ಅಂಗಾತ ಇಟ್ಟಳು.

"ಏನು ಕಾಣ್ತಿದೆ ಮೇಡಂ?"

"ದಿಬ್ಬ."

"ಈಗ ಎದ್ದು ಈ ಕಡೆ ಬನ್ನಿ."

ಆ ಹುಡುಗಿ ಬಂದು ನೋಡಿದಳು. ಹೋಗಿ ಕೂತಳು, ಮತ್ತೆ ಎದ್ದು ಬಂದಳು. ಚೀಟಿ ಓದಿದಳು. ಆಮೇಲೆ ಅವರೆಲ್ಲ ಮಾತು ಕಲಿಸುತ್ತಿದ್ದ ಯಂತ್ರವನ್ನು ತೆರೆದು, ಅದೇ ಥರದ ಒಂದು ಹೊಸ ಫೋಟೋ ಕೊಟ್ಟಳು. ಅದು ಊರಗಲದ ಒಂದು ದೊಡ್ಡ ಕುಳಿ. ಯಂತ್ರ ಕ್ಷಣವೂ ತಡಮಾಡದೆ, 'ನುಣುಪಾದ ಇಳಿಜಾರಿನ ಸುಂದರ ಗುಡ್ಡ' ಎಂದು ಬರೆಯಿತು. ಕಲಿಸಿದ್ದನ್ನು ಅದು ಚೆನ್ನಾಗಿಯೇ ಕಲಿತಿತ್ತು. ಪಕ್ಕದ ಮೇಜಿನವರು ನಕ್ಕುಬಿಟ್ಟರು. ಆ ನಲವತ್ತರಲ್ಲಿ ದಿಬ್ಬ ಎಂದು ಬರೆದ ಇಬ್ಬರಲ್ಲಿ ತಾನೊಬ್ಬ ಎಂದು ನೆನಪಾಗಿ ಒಬ್ಬಾತ ಮಾತ್ರ ನಡುವೆಯೇ ಬಾಯಿ ಮುಚ್ಚಿಕೊಂಡ.

ಅಂಕವನ್ನು ತಿರುಗಿ ಲೆಕ್ಕ ಹಾಕಿದಾಗ ತೊಂಬತ್ತಮೂರು ಬಂತು. ಮೇಲ್ವಿಚಾರಕಿಗೆ ಖುಷಿಯೋ ಖುಷಿ. ಖುಷಿಯಲ್ಲಿ ಒಂದು ತಪ್ಪು ಮಾತನ್ನೂ ಆಡಿದಳು. "ನೀವು ಮನೇಲೇ ಮುಂದುವರಿಸಿ ಅಕ್ಕ. ಆ ಅಡುಗೆಮನೇನೇ ನಿಮಗೆ ಇಂಥ ಕಣ್ಣು ಕೊಟ್ಟಿರೋದು."

ವಿವರಮ್ಮ ಟ್ಯಾಬನ್ನು ಚೀಲಕ್ಕೆ ಹಾಕಲಿಲ್ಲ.

"ಕಣ್ಣು ನಂದೇ, ಮೇಡಂ. ಅಡುಗೆಮನೆ ಕೊಟ್ಟಿರೋದು ಸೊಂಟನೋವು. ಮೇಜಿನ ಆಚೆ ಹೋಗಿ ನೋಡೋದಕ್ಕೆ ಬೀನ್ಸ್ ಹೆಚ್ಚಲೇಬೇಕು ಅಂತೇನಿಲ್ಲವಲ್ಲ? ಕಿಟಕಿ ಪಕ್ಕದ ಕುರ್ಚಿ ಕೊಡಿ, ಅಲ್ಲಿಂದಲೇ ಎದ್ದು ಸುತ್ತು ಬರ್ತೀನಿ."

ಮೇಲ್ವಿಚಾರಕಿ ಡ್ರಾಯರಿನ ಬೀಗದ ಕೈ ಹುಡುಕಲು ಎದ್ದಳು.

ಮನೆಯಲ್ಲಿ ಸುದ್ದಿ ಹೇಳಿದಾಗ ಗಂಡ ಸಂತೋಷಪಟ್ಟ. ಸಂತೋಷದ ಹಿಂದೆಯೇ, ಮಧ್ಯಾಹ್ನದ ಊಟದ ಗತಿ ಏನು ಎಂದು ವಿಚಾರಿಸಿದ. ಅವಳು ಉತ್ತರ ಕೊಡುವ ಮೊದಲೇ ಅತ್ತೆ ಕೊಟ್ಟರು.

"ಸಾಸಿವೆ ಕಾಳಿನಷ್ಟು ಸ್ಕ್ರೂ ಹಿಡೀತೀಯ. ಬೀನ್ಸ್ ಹಿಡಿಯೋದಕ್ಕೆ ನಿನ್ನ ಕೈಗೇನು ಬಂದಿದೆ?"

ಸೋಮವಾರ ಅವಳು ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಅವನ ದನಿ ಬಂತು, ಬೀನ್ಸಿನ ಎರಡು ತುದಿಗಳಲ್ಲಿ ತೆಗೆಯಬೇಕಾದದ್ದು ಯಾವುದು ಎಂದು. ಎರಡೂ ಕಣೋ ಎಂದರು ಅತ್ತೆ. ಬಂದು ತೋರಿಸು ಎಂದು ಅವನು ಹೆಂಡತಿಯನ್ನು ಕೂಗಿದ. ಅಷ್ಟು ಹೊತ್ತಿಗೆ ಅವಳು ಗೇಟು ದಾಟಿದ್ದಳು.