ಆಟಗಾರ್ತಿ ಉಳಿಯುತ್ತಾಳಾ ಎಂದು ಹೂ ಕೇಳಿದ್ದು

ಆ ಹುಡುಗಿ ಥ್ಯಾಂಕ್ಯೂ ಹೇಳಿದಾಗಲೇ ನನಗೆ ಅನುಮಾನ ಬಂದಿತ್ತು.

ಅದು ಸೀಸನ್ನಿನ ಕೊನೆಯ ಆಟ. ಅಮೆರಿಕದಲ್ಲಿ ನಾವಿರುವ ಊರಿನ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ಟೀಮು ಸೋತಿತ್ತು. ಇಡೀ ಟೀಮಿನಲ್ಲಿ ಚಿಕ್ಕವಳು, ಎಲ್ಲರಿಗಿಂತ ಚುರುಕಾದವಳು, ಮೈಕ್ ಹಿಡಿದು ಈ ಊರು ನನಗೆ ಕೊಟ್ಟದ್ದಕ್ಕೆಲ್ಲ ಥ್ಯಾಂಕ್ಯೂ ಎಂದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಮನೆಯವರು ಯಾರೂ ಥ್ಯಾಂಕ್ಯೂ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳುತ್ತಿದ್ದವರು ನೆಂಟರು, ಅದೂ ಚಪ್ಪಲಿ ಮೆಟ್ಟಿಕೊಳ್ಳುವಾಗ.

ವಾಪಸು ಬರುವಾಗ ಕಾರಿನಲ್ಲಿ ನಾಲ್ವರಿದ್ದೆವು. ಡ್ರೈವಿಂಗ್ ನನ್ನದು. ಪಕ್ಕದಲ್ಲಿ ಹದಿಮೂರು ವರ್ಷದ ಮಗಳು. ಹಿಂದೆ ಪಕ್ಕದೂರು ಸಮಾಮಿಶ್‌ನ ತೆಲುಗು ಅಕ್ಕ, ಹತ್ತು ವರ್ಷ ಬೆಂಗಳೂರಿನಲ್ಲಿದ್ದವರು, ನನಗಿಂತ ಜೋರಾಗಿ ಕನ್ನಡ ಮಾತಾಡುವವರು. ಅವರ ಪಕ್ಕದಲ್ಲಿ ನಮ್ಮ ಬಡಾವಣೆ ಈಸ್ಟ್‌ಗೇಟ್‌ನಲ್ಲೇ ನಮ್ಮಿಂದ ಎರಡು ಬೀದಿ ಆಚೆ ಇರುವ ಅಮೆರಿಕನ್ ಅಜ್ಜಿ. ಆಟದಲ್ಲಿ ಪಕ್ಕದ ಸೀಟಿನವರಾಗಿ ಪರಿಚಯವಾದವರು. ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವರು. ಅವರ ಇಂಗ್ಲಿಷನ್ನೂ ಅವರೊಡನೆ ನಾವಾಡುವುದನ್ನೂ ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತೇನೆ.

ಇವಳು ಊರು ಬಿಡ್ತಾಳೆ ಎಂಬ ನನ್ನ ಅನುಮಾನ ಹೇಳಿದೆ. ಅಜ್ಜಿ ನಕ್ಕರು.

"ಇದೇನು ಹೇಳ್ತೀಯ? ಇಲ್ಲಿ ಎಲ್ಲದಕ್ಕೂ ಥ್ಯಾಂಕ್ಯೂ ಹೇಳ್ತೀವಿ. ನನ್ನ ಬಸ್ಸಿನ ಮಕ್ಕಳು ದಿನಾ ಹೇಳ್ತಿದ್ವು."

"ಯಾವಾಗ ಹೇಳ್ತಿದ್ವು?"

"ಇಳಿಯೋವಾಗ," ಎಂದರು ಅಜ್ಜಿ.

ವಿಷಯ ಇಷ್ಟು. ಆ ಹುಡುಗಿಯ ಕಾಂಟ್ರ್ಯಾಕ್ಟ್ ಅಲ್ಲಿಗೆ ಮುಗಿದಿತ್ತು. ಚಳಿಗಾಲದಲ್ಲಿ ಅವಳು ಯಾವ ಟೀಮಿನ ಜೊತೆ ಬೇಕಾದರೂ ಮಾತಾಡಬಹುದು, ಯಾರ ಕಡೆಗೆ ಬೇಕಾದರೂ ಹೋಗಬಹುದು. ಫ್ರೀ ಏಜೆನ್ಸಿ ಎನ್ನುತ್ತಾರೆ. ಸರೋವರ ದಾಟುವ ತೇಲುವ ಸೇತುವೆಯ ಮೇಲೆ ಬಂದಾಗ ಮಗಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ಇಫ್ ಶೀ ಲೀವ್ಸ್, ಐ ಯಾಮ್ ಡನ್. ಆಮೇಲೆ ನಾನು ಗೇಮ್‌ಗೆ ಬರಲ್ಲ."

ಮನೆಯಲ್ಲಿ ಈ ಮಗು ಬಾಗಿಲು ಹಾಕಿಕೊಂಡೇ ಇರುತ್ತಾಳೆ. ಊಟ ಹೇಗಿತ್ತು ಅಂದರೆ ಫೈನ್, ಸ್ಕೂಲ್ ಹೇಗಿತ್ತು ಅಂದರೆ ಫೈನ್. ಆದರೆ ಆಟಕ್ಕೆ ಹೋಗುವಾಗ, ಬರುವಾಗ, ಕಾರಿನಲ್ಲಿ ಬಾಯಿ ಬಿಡುತ್ತಾಳೆ. ಯಾರು ಫೌಲ್ ಮಾಡಿದರು ಎಂದು ಶುರುವಾದ ಮಾತು, ಮಧ್ಯಾಹ್ನದ ಊಟಕ್ಕೆ ತನ್ನ ಪಕ್ಕ ಯಾರೂ ಕೂರಲಿಲ್ಲ ಎಂಬಲ್ಲಿಗೂ ಬರುತ್ತದೆ. ಸಂಜೆ ದೀಪ ಹಚ್ಚಿ ಆ ದಿನ ದೇವಿ ತಾಯಿ ಕೊಟ್ಟ ಸಣ್ಣಪುಟ್ಟ ಕೃಪೆಗಳನ್ನು ಎಣಿಸುವ ಅಭ್ಯಾಸ ನನಗಿದೆ. ಹಿಟ್ಟು ಚೆನ್ನಾಗಿ ಹುದುಗಿತು, ಯಜಮಾನರಿಗೆ ಬೆನ್ನುನೋವು ಕಡಿಮೆಯಾಯಿತು, ಇಂಥವು. ಆಟವಿದ್ದ ದಿನ ಎಣಿಕೆ ಶುರುವಾಗುವುದು ಕಾರಿನ ಮಾತಿನಿಂದ. ಅದೊಂದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಚಳಿಗಾಲದಲ್ಲಿ ಆಟ ಇರುವುದಿಲ್ಲ. ಶನಿವಾರ ಬೆಳಿಗ್ಗೆ ಎಲ್ಲರೂ ನಮ್ಮ ಅಡುಗೆಮನೆಗೆ ದೋಸೆಗೆ ಬರತೊಡಗಿದರು. ದೋಸೆ ಒಂದು ನೆಪ, ಬರುತ್ತಿದ್ದದ್ದು ಅನುಮಾನ ಪಡುವುದಕ್ಕೆ.

"ನೋಡಮ್ಮಾ, ಫೋಟೋ ಚೇಂಜ್ ಮಾಡಿದಾಳೆ," ತೆಲುಗು ಅಕ್ಕ ಫೋನು ಚಾಚಿದರು. "ಮುಂಚೆ ಟೀಮ್ ಜಾಕೆಟ್ ಹಾಕ್ಕೊಂಡಿದ್ಲು. ಈಗ ಬರೀ ನಾಯಿ."

"ನಾಯಿ ಜಾಕೆಟ್ ಹಾಕಿದ್ಯಾ?" ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿದರು. "ಇಲ್ಲ. ಅದೂ ಹಾಕಿಲ್ಲ. ಕಥೆ ಮುಗೀತು."

"ಏಜೆಂಟ್ ಮೇಲೇ ನನಗೆ ಡೌಟು," ಎಂದೆ. "ಮದುವೆ ದಲ್ಲಾಳಿ ಥರ. ಈ ಮನೇಲಿ ಕಾಫಿ ಕುಡೀತಾ ಆ ಮನೆಗೆ ಫೋನ್ ಮಾಡ್ತಿರ್ತಾನೆ."

"ಈ ಊರಲ್ಲಿ ಗಂಡಸರ ಟೀಮ್ ಒಂದಿತ್ತು," ಎಂದರು ಅಜ್ಜಿ. "ಇಡೀ ಟೀಮನ್ನೇ ಬೇರೆ ಊರಿಗೆ ಎತ್ಕೊಂಡು ಹೋದ್ರು. ಅವತ್ತಿಂದ ನಾನು ಯಾರನ್ನೂ ನಂಬಲ್ಲ. ಚಟ್ನಿ ಕೊಡು."

ಕಾಫಿಗೆ ಬಂದ ಯಜಮಾನರು, "ನಮ್ ಆಫೀಸಲ್ಲಿ ಲೇಆಫ್ ಅಂದಾಗ್ಲೂ ಈ ಮನೇಲಿ ಇಷ್ಟು ಚರ್ಚೆ ಆಗಿರ್ಲಿಲ್ಲ," ಎಂದು ಲೋಟ ಎತ್ತಿಕೊಂಡು ಹೋದರು.

ಮಗಳು ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವಳ ಮುಖ ವಾರದಿಂದ ವಾರಕ್ಕೆ ಇಳಿಯುತ್ತಿತ್ತು. ಅದನ್ನು ನೋಡಲಾಗದೆ ಒಂದು ಶುಕ್ರವಾರ ನಾನು ಹೂ ಕೇಳಿದೆ.

ನಮ್ಮ ಕಡೆ ಗಟ್ಟಿ ನಿರ್ಧಾರಕ್ಕೆಲ್ಲ ಹೂ ಕೇಳುತ್ತಾರೆ. ದೇವಿಯ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸಿ ಮನಸ್ಸಿನಲ್ಲಿ ಪ್ರಶ್ನೆ ಇಟ್ಟು ಕಾಯುವುದು. ಬಲಗಡೆಯದು ಬಿದ್ದರೆ ಆಗುತ್ತದೆ, ಎಡಗಡೆಯದು ಬಿದ್ದರೆ ಇಲ್ಲ. ಕೋಟು ನೇತುಹಾಕಲು ಕಟ್ಟಿದ್ದ ಗೂಡನ್ನೇ ನಾವು ದೇವರಮನೆ ಮಾಡಿಕೊಂಡಿದ್ದೇವೆ. ಅಂಗಡಿಯಿಂದ ತಂದ ಸೇವಂತಿಗೆಯನ್ನು ಒದ್ದೆ ಮಾಡಿ ಇಟ್ಟೆ. ಮಗಳು ನನ್ನ ಹಿಂದೆ ಬಂದು ನಿಂತಳು. ತಾಯಿ, ಆ ಹುಡುಗಿ ಈ ಊರಲ್ಲೇ ಇರ್ತಾಳಾ ಎಂದು ಕೇಳಿಕೊಂಡೆ. ಕೇಳುವಾಗಲೇ ನನ್ನ ಮೇಲೆ ನನಗೆ ಗುಮಾನಿ. ಕೇಳುತ್ತಿರುವುದು ಆ ಹುಡುಗಿಗಾಗಿಯೋ ನನಗಾಗಿಯೋ?

ಬಲಗಡೆ ಹೂ ಬಿತ್ತು.

"ಕೊಟ್ಳು!" ಎಂದೆ. "ಇರ್ತಾಳೆ ಕಣೇ, ತಾಯಿ ಬಲಗಡೆ ಕೊಟ್ಳು!" ಮಗಳು ಹಿಂದಿನಿಂದ ತಬ್ಬಿಕೊಂಡಳು. ಅವಳು ತಬ್ಬಿಕೊಂಡು ಎಷ್ಟು ತಿಂಗಳಾಗಿತ್ತೋ.

ಆದರೆ ಹೂ ಬೀಳುವ ಸ್ವಲ್ಪ ಮುಂಚೆ ಹೀಟರ್ ಗುಂಯ್ ಎಂದು ಶುರುವಾಗಿತ್ತು. ಬಿಸಿಗಾಳಿಯ ಕಿಂಡಿ ಆ ಗೂಡಿನ ಬಾಗಿಲ ಬುಡದಲ್ಲೇ ಇದೆ. ದೀಪ ವಾಲಿದ್ದನ್ನು ನಾನು ನೋಡಿದ್ದೆ. ನೋಡಿಯೂ ಬಾಯಿ ಬಿಡಲಿಲ್ಲ. ಪೂಜೆಗೆ ಮುಂಚೆ ಹೀಟರ್ ಆರಿಸುವುದು ನಮ್ಮ ಮನೆಯ ಕ್ರಮ. ಅವತ್ತು ಮರೆತಿದ್ದೆ.

ಮರುದಿನ ಶನಿವಾರ. ತೆಲುಗು ಅಕ್ಕ ಚಪ್ಪಲಿ ಬಿಡುವ ಮುಂಚೆಯೇ ಕೂಗಿದರು. "ಗುಡ್ ನ್ಯೂಸಮ್ಮಾ! ಹುಡುಗಿ ಎಲ್ಲೂ ಹೋಗಲ್ಲ. ಫ್ಯಾನ್ಸ್ ಪೇಜಲ್ಲಿ ಬಂದಿದೆ. ವೆರಿ ರಿಲಯಬಲ್ ಸೋರ್ಸ್ ಅಂತೆ!"

ಅಜ್ಜಿ ಫೋನನ್ನು ದೂರ ಹಿಡಿದು ಓದಿದರು. "ಮಾಹಿತಿ ಕೊಟ್ಟವರು ಇವತ್ತಿನವರೆಗೂ ಯಾವ ವಿಷಯದಲ್ಲೂ ತಪ್ಪಿಲ್ಲ, ಅಂತ ಬರೆದಿದಾರೆ. ಅಂಥವರು ಯಾರಪ್ಪ? ಟೀಮಿನ ಆಫೀಸಿನವರಲ್ಲ, ಅವರು ಎಲ್ಲದರಲ್ಲೂ ತಪ್ತಾರೆ."

ಮೆಟ್ಟಿಲ ಮೇಲೆ ಮಗಳ ಕಿವಿ ಕೆಂಪಾಗಿತ್ತು. ಅಜ್ಜಿ ಎಷ್ಟೋ ವರ್ಷ ಬಸ್ಸಿನ ಕನ್ನಡಿಯಲ್ಲಿ ಹಿಂದಿನ ಸೀಟಿನ ಮಕ್ಕಳನ್ನು ನೋಡಿದವರು. "ಬರೆದಿದ್ದು ನೀನಾ?" ಎಂದು ನೇರವಾಗಿ ಕೇಳಿದರು.

"ಸೋರ್ಸ್ ಈಸ್ ಗಾಡೆಸ್," ಎಂದಳು ಮಗಳು. "ಅಮ್ಮ ಕೇಳಿದ್ರು. ಫ್ಲವರ್ ಬಿತ್ತು."

ತೆಲುಗು ಅಕ್ಕ ಕೆನ್ನೆ ಬಡಿದುಕೊಂಡರು. "ಅಮ್ಮವಾರೇ ಹೇಳಿದ್ಮೇಲೆ ಇನ್ನೇನು! ನನ್ ಮದುವೇಗೂ ಹೂ ಕೇಳಿದ್ರು. ಹಂಡ್ರೆಡ್ ಪರ್ಸೆಂಟ್ ಕರೆಕ್ಟ್."

"ನಿಮ್ಮ ಗಂಡನ್ನ ನಾನು ನೋಡಿದೀನಿ," ಎಂದರು ಅಜ್ಜಿ. "ಎಪ್ಪತ್ತು ಪರ್ಸೆಂಟ್ ಅಂತಿಟ್ಕೊಳ್ಳೋಣ."

ಎಲ್ಲರೂ ನಕ್ಕರು. ನಾನು ಕಾವಲಿಯ ಮುಂದೆ ನಿಂತಿದ್ದೆ. ಮಗಳು ಪೇಜಿಗೆ ಬಂದ ಉತ್ತರಗಳನ್ನು ಓದತೊಡಗಿದಳು. ಯಾರೋ ಹೆಂಗಸು ಸಂತೋಷಕ್ಕೆ ಅತ್ತಳಂತೆ. ಯಾರೋ ಇದೆಲ್ಲ ಸುಳ್ಳು ಎಂದು ಬರೆದಿದ್ದರಂತೆ, ಅವರಿಗೆ ಮಗಳು ಕೊಟ್ಟ ಉತ್ತರ: ನಮ್ಮಮ್ಮ ಸುಳ್ಳು ಹೇಳುವುದಿಲ್ಲ.

ದೋಸೆ ಸೀದು ಹೋಯಿತು. ಒಲೆ ಆರಿಸಿದೆ.

"ಹೀಟರ್ ಆನ್ ಆಗಿತ್ತು," ಎಂದೆ. "ಹೂ ಬೀಳೋ ಮುಂಚೆ ಗಾಳಿ ಬಂತು. ನಾನು ನೋಡ್ದೆ. ಹೇಳ್ಲಿಲ್ಲ. ತಾಯಿ ಕೊಟ್ಳೋ ಗಾಳಿ ಬೀಳಿಸ್ತೋ ನನಗೇ ಗೊತ್ತಿಲ್ಲ."

ಮಗಳು ಎದ್ದು ಮೇಲೆ ಹೋದಳು. ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. "ಸತ್ಯ ಹೇಳಿದೆ, ಒಳ್ಳೇದಾಯ್ತು," ಎಂದು ಅಜ್ಜಿ ನನ್ನ ಬೆನ್ನು ತಟ್ಟಿದರು. ನನಗೇನೂ ಒಳ್ಳೆಯದಾದ ಹಾಗೆ ಕಾಣಲಿಲ್ಲ.

ಅವರು ಹೋದ ಮೇಲೆ ಬಾಗಿಲು ತಟ್ಟಿದೆ. ಹಾಸಿಗೆಯ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದಳು. ಪೇಜಿನಲ್ಲಿದ್ದದ್ದನ್ನು ಅಳಿಸಿ, ತಪ್ಪಾಯಿತು ಎಂದು ಬರೆದಿದ್ದಳು.

"ವೈ ವುಡ್ ಯು ಈವನ್ ಆಸ್ಕ್?" ಎಂದಳು. "ನಿನಗೆ ಬಾಸ್ಕೆಟ್‌ಬಾಲ್ ಇಷ್ಟಾನೇ ಇಲ್ಲ."

"ಮೊದಲು ಇರ್ಲಿಲ್ಲ," ಎಂದೆ. "ಆಟಕ್ಕೆ ಹೋಗೋವಾಗ ನೀನು ನನ್ನ ಜೊತೆ ಮಾತಾಡ್ತೀಯ. ಅವಳು ಹೋದ್ರೆ ಅದು ನಿಂತು ಹೋಗುತ್ತೆ ಅಂತ ಕೇಳ್ದೆ."

ಅವಳು ತಿರುಗಲಿಲ್ಲ, ಹೋಗು ಅಂತಲೂ ಹೇಳಲಿಲ್ಲ. ಹೋಗು ಅನ್ನಲಿಲ್ಲ ಎಂಬುದನ್ನು ಅವತ್ತಿನ ಎಣಿಕೆಗೆ ಸೇರಿಸಿಕೊಂಡೆ. ಬೇರೆ ಏನೂ ಸಿಗಲಿಲ್ಲ.

ಹತ್ತು ಹನ್ನೆರಡು ದಿನದ ಮೇಲೆ ಸುದ್ದಿ ಬಂತು. ಆ ಹುಡುಗಿ ದೇಶದ ಇನ್ನೊಂದು ತುದಿಯ ಟೀಮಿಗೆ ಸಹಿ ಹಾಕಿದಳು. ತೆಲುಗು ಅಕ್ಕ ಫೋನಿನಲ್ಲಿ ಏಜೆಂಟಿಗೆ ಶಾಪ ಹಾಕಿದರು. ಅಜ್ಜಿ, "ನಾನು ಹೇಳಿರ್ಲಿಲ್ವಾ" ಎಂದು ಮೂರು ಸಲ ಅಂದರು. ನಾನು ಸ್ಕೂಲಿನಿಂದ ಮಗಳನ್ನು ಕರೆತರಲು ಕಾರು ತೆಗೆದೆ.

ಅವಳಿಗೆ ಆಗಲೇ ಗೊತ್ತಾಗಿತ್ತು. ಬ್ಯಾಗನ್ನು ಹಿಂದಕ್ಕೆ ಎಸೆದು ಸೀಟ್‌ಬೆಲ್ಟ್ ಹಾಕಿಕೊಂಡಳು. ಎರಡು ಸಿಗ್ನಲ್ ದಾಟಿದೆವು.

"ಅಮ್ಮ," ಎಂದಳು. "ಅವಳ ಹೊಸ ಟೀಮು ಇಲ್ಲಿಗೆ ಆಡೋಕೆ ಬರುತ್ತೆ, ರೈಟ್?"

"ಬರಬೇಕಲ್ಲ."

"ಆ ಗೇಮ್‌ಗೆ ಹೋಗೋಣ. ಐ ವಾಂಟ್ ಟು ಬೂ ಹರ್. ಕೂಗಿ ಅವಮಾನ ಮಾಡ್ಬೇಕು."

"ಛೀ, ಪಾಪ ಕಣೇ. ಅದೂ ಒಂದು ಮನೆ ಮಗು."

"ಶೀ ಲೆಫ್ಟ್ ಅಸ್!"

"ಥ್ಯಾಂಕ್ಯೂ ಹೇಳೇ ಹೋದ್ಲಲ್ಲ."

"ದಟ್ಸ್ ವರ್ಸ್!" ಎಂದವಳು ಶುರು ಮಾಡಿದಳು. ಏಜೆಂಟ್ ಯಾಕೆ ಕಳ್ಳ, ನಮ್ಮ ಟೀಮಿನ ಆಫೀಸಿನವರು ಯಾಕೆ ದಡ್ಡರು, ಇವಳು ಹೋದಲ್ಲಿ ಯಾಕೆ ಉದ್ಧಾರ ಆಗುವುದಿಲ್ಲ. ನನ್ನನ್ನು ಸಮಾಧಾನ ಮಾಡಲೆಂದೇ ಇಷ್ಟು ಮಾತಾಡುತ್ತಿದ್ದಾಳಾ ಎಂಬ ಗುಮಾನಿ ನನಗೆ ಬಂತು. ಕೇಳಲಿಲ್ಲ. ಮನೆಗೆ ತಿರುಗುವ ರಸ್ತೆ ಬಂದಾಗ ತಿರುಗದೆ ನೇರ ಹೋದೆ.

"ಅಮ್ಮ, ನಮ್ಮನೆ ಹೋಯ್ತು."

"ಹೋಗ್ಲಿ. ನೀನು ಹೇಳು. ಆಮೇಲೆ?"