ಮುನಿಗಳಿಗೆ ಕಾಯಿಸಿದ ನೀರು

ನಮ್ಮತ್ತೆ ನೀರು ಗಾಳಿಸುವುದನ್ನು ಒಮ್ಮೆ ನೋಡಿದವರು, ಆ ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟೀತು ಎಂದರೆ ನಂಬುತ್ತಿರಲಿಲ್ಲ. ದಪ್ಪ ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡಪಾನದ ಬಾಯಿಗೆ ಹೊದೆಸಿ, ಬಾವಿಯಿಂದ ಸೇದಿದ ನೀರನ್ನು ಸದ್ದಾಗದ ಹಾಗೆ ಸುರಿಯುವರು. ಆಮೇಲೆ ಬಟ್ಟೆಯನ್ನು ಮಗುಚಿ ಗಾಳಿಸಿದ ನೀರಿನಿಂದಲೇ ತೊಳೆದು, ಆ ತೊಳೆದ ನೀರನ್ನು ಕೊಡದಲ್ಲಿ ತುಂಬಿ, ಹಗ್ಗ ಕಟ್ಟಿ ಮೆಲ್ಲಗೆ ಬಾವಿಗೆ ಇಳಿಸಿ ಬಿಡುವರು. ಬಟ್ಟೆಗೆ ಸಿಕ್ಕಿಕೊಂಡ ಕಣ್ಣಿಗೆ ಕಾಣದ ಜೀವಗಳು ಕ್ಷೇಮವಾಗಿ ತಮ್ಮ ಮನೆಗೆ ಮರಳಬೇಕು. ನಾನು ಒಂದು ದಿನ ಅವಸರದಲ್ಲಿ ಕಟ್ಟೆಯ ಮೇಲಿನಿಂದಲೇ ಸುರಿದು, "ನಿನ್ನನ್ನು ಹಾಗೆ ಎತ್ತಿ ಹಾಕಿದರೆ ಆದೀತಾ?" ಎಂದು ಕೇಳಿಸಿಕೊಂಡಿದ್ದೇನೆ. ಗೊತ್ತಿದ್ದು ಒಂದು ಇರುವೆಯನ್ನೂ ಕೊಂದವರಲ್ಲ ಅವರು. ಆದರೆ ಅದೇ ನೀರು ನನ್ನ ಮಗನನ್ನು ಕೊಲ್ಲುವುದರಲ್ಲಿತ್ತು.

ನಾನು ಗುರುವಾಯನಕೆರೆಯ ಜೈನರ ಮನೆಯ ಹುಡುಗಿ. ಮದುವೆಯಾಗಿ ಮೂಡುಬಿದಿರೆಗೆ ಬಂದದ್ದು ಐವತ್ತರ ದಶಕದ ಕೊನೆಗೆ. ಮಾವ ಅದಕ್ಕೆ ಮೊದಲೇ ತೀರಿಹೋಗಿದ್ದರು. ಗಂಡನಿಗೆ ಪಾಣೆಮಂಗಳೂರಿನ ಒಂದು ಅಕ್ಕಿ ಅಂಗಡಿಯಲ್ಲಿ ಕೆಲಸ. ಶನಿವಾರದ ಬಸ್ಸಿಗೆ ಬಂದು ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಹೊರಟುಬಿಡುತ್ತಿದ್ದರು. ಹಾಗಾಗಿ ವಾರವಿಡೀ ಮನೆಯಲ್ಲಿ ಅತ್ತೆ ಮತ್ತು ನಾನು, ಆಮೇಲೆ ನನ್ನ ಮಗ. ಅತ್ತೆಯನ್ನು ಕಂಡರೆ ನನಗೆ ಹೆದರಿಕೆಯೂ ಇತ್ತು, ಸಿಟ್ಟೂ ಇತ್ತು. ಸೂರ್ಯ ಮುಳುಗಿದ ಮೇಲೆ ಬಾಯಿಗೆ ಒಂದು ಅಗುಳೂ ಹೋಗಬಾರದು, ಮಳೆಗಾಲದಲ್ಲಿ ಹುಳ ಇರುತ್ತದೆಂದು ಸೊಪ್ಪು ಮುಟ್ಟಬಾರದು, ನೆಲದೊಳಗೆ ಬೆಳೆದದ್ದು ಯಾವ ಕಾಲಕ್ಕೂ ಬೇಡ. ಇದೆಲ್ಲ ನನ್ನ ತವರಿನಲ್ಲಿಯೂ ಇತ್ತು, ಆದರೆ ಅಲ್ಲಿ ನನ್ನ ಅಮ್ಮ ಕಣ್ಣು ಮುಚ್ಚಿಕೊಳ್ಳುವುದನ್ನೂ ಬಲ್ಲವಳಾಗಿದ್ದಳು. ಅತ್ತೆಗೆ ಆ ವಿದ್ಯೆ ಬರುತ್ತಿರಲಿಲ್ಲ.

ಮಗನಿಗೆ ಎಂಟು ತಿಂಗಳಾಗುವಾಗ ನಾನು ಮತ್ತೆ ಬಸುರಿಯಾದೆ. ಬಸುರಿಯ ಹಾಲು ಕೂಸಿಗೆ ನಂಜು ಎಂದು ಅತ್ತೆ ಬೇವಿನ ಸೊಪ್ಪು ಅರೆದು ಕೊಟ್ಟರು, ನಾನು ಎದೆಗೆ ಹಚ್ಚಿಕೊಂಡು ಹಾಲು ಬಿಡಿಸಿದೆ. ಅದು ನಂಜಲ್ಲ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆ ಕಹಿಗೆ ಅವನು ಮುಖ ಕಿವುಚಿ ನನ್ನನ್ನು ನೋಡಿದ್ದು ಇನ್ನೂ ಮರೆತಿಲ್ಲ. ಹಾಲಿನ ಬದಲು ರಾಗಿ ಮಣ್ಣಿ ಶುರುವಾಯಿತು. ನೆನೆಸಿದ ರಾಗಿಯನ್ನು ಅರೆದು, ಬಟ್ಟೆಯಲ್ಲಿ ಹಿಂಡಿ, ಆ ಹಾಲಿಗೆ ಬೆಲ್ಲ ಹಾಕಿ ಒಲೆಯ ಮೇಲೆ ಕಾಯಿಸುವುದು. ಮಣ್ಣಿಯಲ್ಲಿ ತಪ್ಪಿರಲಿಲ್ಲ. ಆರಿ ಗಟ್ಟಿಯಾದ ಮಣ್ಣಿಯನ್ನು ತೆಳ್ಳಗೆ ಮಾಡಲು ಕೊಡಪಾನದ ನೀರು ಬೆರೆಸುತ್ತಿದ್ದೆವು. ಬಾಯಾರಿಕೆಗೆ ಬೆಳ್ಳಿಯ ಒಳಲೆಯಲ್ಲಿ ಅದೇ ನೀರನ್ನು ಕುಡಿಸುತ್ತಿದ್ದೆವು. ಕಾಯಿಸಿ ಕೊಡಲೇ ಎಂದು ಒಮ್ಮೆ ಕೇಳಿದ್ದೆ. "ಗಾಳಿಸಿದ ನೀರನ್ನು ಮತ್ತೆ ಕಾಯಿಸಿದರೆ ಉಳಿದ ಜೀವಗಳೂ ಸಾಯ್ತವೆ. ಹಾಲು ಬಿಟ್ಟ ಮಗುವಿನ ತಲೆಗೆ ಆ ಪಾಪ ಯಾಕೆ?" ಎಂದರು. ಅದು ಮಗುವಿನ ಮೇಲಿನ ಪ್ರೀತಿಯಿಂದಲೇ ಬಂದ ಮಾತು. ಅದಕ್ಕೇ ಎದುರಾಡುವುದು ಕಷ್ಟ.

ಆ ಮಳೆಗಾಲ ಒಬ್ಬರು ಮುನಿಗಳು ನಾಲ್ಕು ತಿಂಗಳು ನಮ್ಮ ಊರಿನಲ್ಲಿ ನಿಂತಿದ್ದರು. ದಿಗಂಬರ ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಅಂಗೈಯಲ್ಲಿ ಆಹಾರ ಸ್ವೀಕರಿಸುವವರು. ಯಾರ ಮನೆಗೆ ಬರುತ್ತಾರೆಂದು ಮೊದಲೇ ಹೇಳುವ ಕ್ರಮವಿಲ್ಲ. ಬೀದಿಯ ಮನೆಗಳವರು ಬೆಳಿಗ್ಗೆ ಎದ್ದು ಮಡಿಯಲ್ಲಿ ಅಡುಗೆ ಮಾಡಿ, ಬಾಗಿಲಲ್ಲಿ ಕಲಶ ಹಿಡಿದು ನಿಂತು ಕಾಯಬೇಕು. ಅವರು ಹಸಿ ನೀರು ಮುಟ್ಟುವುದಿಲ್ಲ, ಕಾಯಿಸಿದ್ದೇ ಆಗಬೇಕು. ಹಿಟ್ಟು ಅವತ್ತೇ ಬೀಸಿದ್ದು, ಹಾಲು ಕರೆದ ಕೂಡಲೇ ಕಾಯಿಸಿದ್ದು. ಅಂಗೈಯ ಅನ್ನದಲ್ಲಿ ಒಂದು ಕೂದಲು ಸಿಕ್ಕಿದರೂ ಅಂತರಾಯ. ಅವರು ಕೈ ಬಿಟ್ಟು ಹೊರಟುಬಿಡುತ್ತಾರೆ, ಮರುದಿನದವರೆಗೆ ನೀರೂ ಇಲ್ಲ. ಆ ಪಾಪ ತನ್ನ ಮನೆಯಿಂದ ಆದೀತು ಎಂಬ ಹೆದರಿಕೆಗೆ ಅತ್ತೆ ತಲೆಗೂದಲನ್ನು ಬಟ್ಟೆಯಲ್ಲಿ ಬಿಗಿದು ಕಟ್ಟಿ, ಅಕ್ಕಿಯನ್ನು ಕಾಳು ಕಾಳಾಗಿ ಆರಿಸುತ್ತಿದ್ದರು. ಬಾಗಿಲಲ್ಲಿ ನಿಂತು ನಿಂತು ಅವರ ಕಾಲು ಬಾತಿತ್ತು. ಒಂದು ತಿಂಗಳಾದರೂ ಮುನಿಗಳು ನಮ್ಮ ಮನೆಯ ಕಡೆ ತಿರುಗಿರಲಿಲ್ಲ. ಅನ್ನ ಪಲ್ಯವನ್ನು ನಾವು ತಿನ್ನುತ್ತಿದ್ದೆವು. ಕಾಯಿಸಿದ ನೀರು ಉಳಿದರೆ ಮರುದಿನ ಬಚ್ಚಲಿನ ಹಂಡೆಗೆ ಹೋಗುತ್ತಿತ್ತು.

ಹೀಗಿರುವಾಗ ಮಗನಿಗೆ ಭೇದಿ ಹಿಡಿಯಿತು. ಮಳೆಗೆ ಬಾವಿಯ ನೀರು ಕೈಗೆಟಕುವಷ್ಟು ಮೇಲೆ ಬಂದು ಕೆಂಪಾಗಿತ್ತು. ಅಂಗಳದ ಕೊಳೆಯೆಲ್ಲ ಇಳಿದು ಎಲ್ಲಿಗೆ ಹೋಗುತ್ತದೆ ಎಂದು ನಮಗೆ ಹೊಳೆಯಲಿಲ್ಲ. ಅತ್ತೆ ಜಾಯಿಕಾಯಿ ತೇದು ನೆಕ್ಕಿಸಿದರು, ಓಮದ ಕಷಾಯ ಕೊಟ್ಟರು. ನೀರು ಕೊಟ್ಟರೆ ಇನ್ನೂ ಹೆಚ್ಚು ಹೋಗುತ್ತದೆ ಎಂದು ನೀರು ನಿಲ್ಲಿಸಿದರು. ಐದನೆಯ ದಿನ ಅವನು ಅಳುವುದನ್ನೇ ಬಿಟ್ಟ. ನೆತ್ತಿ ಕುಳಿ ಬಿದ್ದಿತ್ತು. ನನ್ನ ಗಂಡ ಹುಟ್ಟುವ ಮೊದಲು ಅತ್ತೆಗೆ ಎರಡು ಮಕ್ಕಳು ಹುಟ್ಟಿ ವರ್ಷ ತುಂಬುವುದರೊಳಗೆ ಇದೇ ಕಾಯಿಲೆಯಲ್ಲಿ, ಇಂಥದ್ದೇ ಮಳೆಗಾಲದಲ್ಲಿ ಹೋಗಿದ್ದವು. ಅದು ನನಗೆ ಪಕ್ಕದ ಮನೆಯವರಿಂದ ಗೊತ್ತಿತ್ತು, ಅತ್ತೆ ಒಂದು ದಿನವೂ ಬಾಯಿ ಬಿಟ್ಟವರಲ್ಲ. ಆ ಬೆಳಿಗ್ಗೆ ಮಗುವನ್ನು ನೋಡಿ, "ಆಯುಷ್ಯ ಅವರವರು ಪಡೆದುಕೊಂಡು ಬಂದದ್ದು" ಎಂದರು. ನನಗೆ ರಕ್ತ ತಲೆಗೇರಿತು. ಅವರನ್ನು ಕೇಳದೆಯೇ ಪಕ್ಕದ ಮನೆಯವರ ಕೈಯಲ್ಲಿ ಸರಕಾರಿ ಆಸ್ಪತ್ರೆಯ ನರ್ಸಿಗೆ ಹೇಳಿ ಕಳಿಸಿದೆ.

ಊರವರೆಲ್ಲ "ಬಾಯಿ" ಎಂದು ಕರೆಯುತ್ತಿದ್ದ ಅವರು ಕೊಂಕಣಿ ಕ್ರಿಸ್ತಾನರವರು, ನನ್ನ ಹೆರಿಗೆ ಮಾಡಿಸಿದ್ದೂ ಅವರೇ. ಕೊಡೆಯನ್ನು ಜಗಲಿಯಲ್ಲಿಟ್ಟು ಒಳಗೆ ಬಂದು, ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಲ್ಲಿ ಹಿಡಿದು ಬಿಟ್ಟರು. ಅದು ಮಡಿಕೆ ಬಿದ್ದ ಹಾಗೆಯೇ ನಿಂತಿತು.

"ಐದು ದಿನ ನೀವು ಏನು ಕಾಯ್ತಾ ಇದ್ದದ್ದು?" ಎಂದು ನನ್ನನ್ನು ಕೇಳಿದರು. ಆಮೇಲೆ, "ಕುಡಿಯಲಿಕ್ಕೆ ಯಾವ ನೀರು ಕೊಡ್ತಾ ಇದ್ದಿರಿ?"

ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಮಡಿಯುಟ್ಟು ನಿಂತಿದ್ದರು. "ಗಾಳಿಸಿದ್ದು. ಎರಡು ಗಳಿಗೆಗೊಮ್ಮೆ ಹೊಸತಾಗಿ ಗಾಳಿಸ್ತೇನೆ. ಇಷ್ಟು ಶುದ್ಧದ ನೀರು ನಿಮ್ಮ ಆಸ್ಪತ್ರೆಯಲ್ಲಿಯೂ ಇರಲಿಕ್ಕಿಲ್ಲ" ಎಂದರು.

ಬಾಯಿ ಅವರ ಹಿಂದೆ ಒಲೆಯ ಮೇಲೆ ಹಬೆಯಾಡುತ್ತಿದ್ದ ಪಾತ್ರೆಯನ್ನು ನೋಡಿದರು. "ಅದು ಯಾರಿಗೆ?"

"ಮುನಿಗಳಿಗೆ. ಅವರು ಹಸಿ ನೀರು ಕುಡಿಯುವ ಹಾಗಿಲ್ಲ."

"ಅವರು ಬರದಿದ್ದರೆ ಏನು ಮಾಡ್ತೀರಿ?"

ನಾನೇ ಹೇಳಿದೆ: "ಹಂಡೆಗೆ ಹಾಕಿ ಮಗುವನ್ನು ಮೀಯಿಸ್ತೇವೆ."

"ಮೈಗೆ ಕಾಯಿಸಿದ ನೀರು, ಹೊಟ್ಟೆಗೆ ಹಸಿ ನೀರು" ಎಂದರು ಬಾಯಿ. ನಗಲಿಲ್ಲ. "ನೋಡಿ ಅಮ್ಮ, ಬಟ್ಟೆಯಲ್ಲಿ ನಿಲ್ಲದಷ್ಟು ಸಣ್ಣ ಜೀವ ಉಂಟು ಅಂತ ನಾನು ನಿಮಗೆ ಹೇಳಬೇಕಾ? ನಿಮ್ಮ ಮತದಲ್ಲೇ ಹೇಳ್ತಾರಲ್ಲ. ಅವೇ ಈಗ ಇವನ ಹೊಟ್ಟೆಯಲ್ಲಿರುವುದು. ಕುದಿಸಿದ ನೀರು, ಗಂಜಿತಿಳಿಗೆ ಒಂದು ಚಿಟಿಕೆ ಉಪ್ಪು, ಚಮಚದಲ್ಲಿ ಸ್ವಲ್ಪ ಸ್ವಲ್ಪ, ನಿಲ್ಲಿಸದೆ ಕೊಡಿ. ಸಂಜೆಯೊಳಗೆ ಮೂತ್ರ ಮಾಡದಿದ್ದರೆ ಮಂಗಳೂರಿಗೆ ಕೊಂಡುಹೋಗಬೇಕು. ಬಸ್ಸು ಮುಟ್ಟುವವರೆಗೆ ತಡೆದೀತು ಅಂತ ನಾನು ಹೇಳುವುದಿಲ್ಲ."

ಅವರು ಹೋದರು. ಮುನಿಗಳು ಬರುವ ಹೊತ್ತಾಗಿತ್ತು. ಬೀದಿಯಲ್ಲಿ ಹೆಂಗಸರು ಆಗಲೇ ಕಲಶ ಹಿಡಿದು ನಿಂತಿದ್ದರು. ಅತ್ತೆ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಬೇರೆ ನೀರು ಕುದಿಸೋಣವೆಂದು ಏಳುವಷ್ಟರಲ್ಲಿ, ಮುನಿಗಳಿಗೆಂದು ಇಟ್ಟಿದ್ದ ಪಾತ್ರೆಯಿಂದಲೇ ಒಂದು ಚೊಂಬು ನೀರು ತುಂಬಿಸಿ ತಂದರು. ಚಾವಡಿಯಲ್ಲಿ ಕಾಲು ಚಾಚಿ ಕೂತು, ಮಲಿನವಾದ ಬಟ್ಟೆಯ ಸಮೇತ ಮಗುವನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡರು. ಅಷ್ಟರಲ್ಲೇ ಅವರ ಮಡಿ ಹೋಯಿತು. ಒಳಗಿನ ಅಡುಗೆಯನ್ನು ಅವತ್ತು ಇನ್ನು ಅವರು ಮುನಿಗಳಿಗೆ ನೀಡುವ ಹಾಗಿರಲಿಲ್ಲ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಒಳಲೆಯ ತುದಿಯನ್ನು ತುಟಿಗೆ ಇಟ್ಟರು. ಮೊದಲನೆಯದು ಕಟಬಾಯಿಯಿಂದ ಹೊರಗೆ ಹರಿಯಿತು. ಎರಡನೆಯದೂ ಹಾಗೆಯೇ. ಮೂರನೆಯದನ್ನು ನುಂಗಿದ. ಆಗ ಅಂಗಳದ ಆಚೆ ಸದ್ದು ಕೇಳಿಸಿತು. ನಾನು ತಲೆಯೆತ್ತಿದರೆ ಮುನಿಗಳು, ಕೈಯಲ್ಲಿ ನವಿಲುಗರಿಯ ಪಿಂಛಿ, ನಮ್ಮ ಬೇಲಿಯ ತಡಮೆಯ ಎದುರೇ ನಿಂತಿದ್ದಾರೆ. ಒಂದು ತಿಂಗಳಿನಿಂದ ಕಾದದ್ದು ಅದಕ್ಕೇ. ಬಾಗಿಲಲ್ಲಿ ಕಲಶವಿಲ್ಲ, ನಮಸ್ಕರಿಸಿ ಕರೆಯುವವರಿಲ್ಲ.

"ಅತ್ತೆ, ಬಂದಿದ್ದಾರೆ" ಎಂದೆ.

"ಕಂಡಿತು" ಎಂದರು. ಒಳಲೆಯಿಂದ ಕಣ್ಣು ತೆಗೆಯಲಿಲ್ಲ. "ಅವರಿಗೆ ಕೊಡ್ಲಿಕ್ಕೆ ಬೀದಿಯಲ್ಲಿ ಹತ್ತು ಮನೆ ಉಂಟು. ಇವನಿಗೆ ನಾವೇ."

ಮುನಿಗಳು ಒಂದು ಕ್ಷಣ ನಿಂತು ಮುಂದಿನ ಮನೆಗೆ ಹೋದರು. ಆ ಮಳೆಗಾಲದಲ್ಲಿ ಮತ್ತೆ ಅವರು ನಮ್ಮ ಕಡೆ ಬರಲಿಲ್ಲ.

ಸಂಜೆಯ ಮೊದಲು ಮಗ ಅವರ ಸೀರೆಯನ್ನು ಒದ್ದೆ ಮಾಡಿದ. ಅಷ್ಟು ಸಂತೋಷದಿಂದ ಸೀರೆ ಒದ್ದೆ ಮಾಡಿಸಿಕೊಂಡವರನ್ನು ನಾನು ಬೇರೆ ಕಂಡಿಲ್ಲ. ಬೇರೆ ಸೀರೆಯನ್ನೂ ಉಡದೆ ಹಾಗೆಯೇ ಕೂತು, ಗಂಜಿತಿಳಿ ಕುಡಿಸುತ್ತಲೇ ಇದ್ದರು.

ಅವನು ಗುಣವಾದ ಮೇಲೆ ನನಗೆ ಶುರುವಾಯಿತು ಪಡಿಪಾಟಲು. ಅತ್ತೆ ಅರ್ಧ ಮಾಡಿ ಗೊತ್ತಿದ್ದವರಲ್ಲ. "ನಾವು ನಮಗೆ ಮಾಡಿಕೊಂಡದ್ದರಲ್ಲಿ ಮುನಿಗಳಿಗೆ ಕೊಡಬೇಕು, ಅವರಿಗೆ ಅಂತಲೇ ಬೇರೆ ಮಾಡಿದ್ದು ದೋಷ. ಅದು ಗೊತ್ತಿದ್ದೂ ನಾನು ಎರಡು ನೀರು ಇಟ್ಟೆ" ಎಂದು ಹೇಳಿ, ಮುನಿಗಳ ಅಡುಗೆಯ ಕ್ರಮವನ್ನೆಲ್ಲ ಮೊಮ್ಮಗನಿಗೆ ತಂದರು. ರಾಗಿಯನ್ನು ದಿನದಿನ ಅರೆಯಬೇಕು. ಮಣ್ಣಿ ಆರಿದರೆ ಅದನ್ನು ನಾವು ತಿನ್ನಬೇಕು, ಅವನಿಗೆ ಹೊಸತು. ಒಳಲೆಯನ್ನು ಕುದಿಯುವ ನೀರಿನಲ್ಲಿ ಅದ್ದಬೇಕು. ನಾನು ಮೊಣಕೈವರೆಗೆ ಕೈ ತೊಳೆದು, ಕೂದಲು ಕಟ್ಟಿ ಬರಬೇಕು. ಅವನು ಬಾಯಿ ಮುಚ್ಚಿ ಮುಖ ತಿರುಗಿಸಿದರೆ, "ಅಂತರಾಯ ಆಯ್ತು ಮಾರಾಯ್ತಿ, ಏನು ಬಿದ್ದಿದೆ ನೋಡು" ಎನ್ನುವರು. ಬಟ್ಟೆಯಿಲ್ಲದೆ ಅಂಗಳದಲ್ಲಿ ತೆವಳುವ ಅವನನ್ನು ನೋಡಿ, ಇವನಿಗೂ ಒಂದು ಪಿಂಛಿ ಕೊಡೋಣ ಅತ್ತೆ ಎಂದು ನಾನು ತಮಾಷೆ ಮಾಡಿದರೆ, ಗದರಿಸಿದ ಹಾಗೆ ಮಾಡಿ ಸೆರಗಿನೊಳಗೆ ನಗುವರು. ಆ ನಗುವನ್ನು ನಾನು ಕಂಡದ್ದು ಮದುವೆಯಾದ ಮೇಲೆ ಅದೇ ಮೊದಲು.

ನನ್ನ ಹೊಟ್ಟೆಯ ಮೇಲೂ ಅವರ ಕಣ್ಣು ಬಿತ್ತು. ಸೂರ್ಯ ಮುಳುಗಿದ ಮೇಲೆ ಊಟವಿಲ್ಲ ಎಂಬುದನ್ನು ಬಿಡಲಿಲ್ಲ, ಆದರೆ ಮುಳುಗುವ ಮೊದಲು ನನ್ನನ್ನು ಎದುರು ಕೂರಿಸಿ ಇಬ್ಬರ ಊಟ ಬಡಿಸುತ್ತಿದ್ದರು. ಕುಚ್ಚಲಕ್ಕಿ ಅನ್ನ, ಹೆಸರುಕಾಳಿನ ಗಸಿ, ತುಪ್ಪ, ಎಳ್ಳು ಬೆಲ್ಲ. ಮಳೆಗಾಲ ಮುಗಿದ ಮೇಲೆ ದಿನಕ್ಕೊಂದು ಸೊಪ್ಪು, ಒಂದೊಂದು ಎಲೆಯನ್ನೂ ಮಗುಚಿ ನೋಡಿ, ಮೂರು ನೀರಿನಲ್ಲಿ ತೊಳೆದದ್ದು. "ಸಾಕು ಅತ್ತೆ" ಎಂದರೆ, "ನಿನಗೆ ಸಾಕು, ಅದಕ್ಕೆ ಸಾಲದು" ಎನ್ನುವರು. ಮಗಳು ಹುಟ್ಟಿದಾಗ ಬಾಯಿ ಅವಳನ್ನು ಕೈಯಲ್ಲೇ ತೂಗಿ ನೋಡಿ, "ಇದು ಅಜ್ಜಿ ಸಾಕಿದ್ದು" ಎಂದರು.

ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಅತ್ತೆ ನೀರು ಗಾಳಿಸುತ್ತಿದ್ದರು. ಗಾಳಿಸುವುದನ್ನು ಅವರು ಬಿಟ್ಟಿರಲಿಲ್ಲ, ಗಾಳಿಸಿ ಆಮೇಲೆ ಕುದಿಸುತ್ತಿದ್ದರು. ಸುರಿಯುತ್ತಿದ್ದ ಕೈ ನಿಂತಿತು. "ಹಾಗಾದರೆ ಆ ಎರಡು ಮಕ್ಕಳು..." ಎಂದು ಅಷ್ಟಕ್ಕೇ ನಿಲ್ಲಿಸಿದರು. ನಾನು ಅವರ ಕೈಯಿಂದ ಕೊಡ ತೆಗೆದುಕೊಂಡೆ, ಅವರು ಬಟ್ಟೆಯನ್ನು ತೊಳೆದರು. ಆಯುಷ್ಯ ಎಂದು ಹೇಳಿಕೊಂಡು ಅವರು ಅಷ್ಟು ವರ್ಷ ಬದುಕಿದ್ದರು. ನನ್ನ ಮಗನಿಗೆ ಕಾಯಿಸಿದ ನೀರಿನ ಮೊದಲ ಒಳಲೆ ಕುಡಿಸುವಾಗಲೇ ಆ ಮಾತಿನ ಆಸರೆಯನ್ನು ಕಳೆದುಕೊಂಡಿದ್ದರು ಎಂದು ನನಗೆ ಅರ್ಥವಾದದ್ದು ಆಗ. ನೀರಿನದ್ದೇ ತಪ್ಪು ಎಂದು ಒಪ್ಪಿಕೊಳ್ಳದೆ ಇದ್ದಿದ್ದರೆ ಅವರ ಮನಸ್ಸಿಗೆ ಸುಖವಿತ್ತು. ನನಗೆ ಮಗ ಇರುತ್ತಿರಲಿಲ್ಲ.

ಅವನಿಗೆ ಮೂರು ವರ್ಷವಾಗುವಾಗ ಗುರುವಾಯನಕೆರೆಯಲ್ಲಿ ಬಸುರಿಯಾಗಿದ್ದ ನನ್ನ ತಂಗಿಗೆ ಬಯಕೆಯ ಊಟ. ನಾವೆಲ್ಲ ಬಸ್ಸಿನಲ್ಲಿ ಹೋದೆವು. ಮುತ್ತೈದೆಯರು ತಂಗಿಗೆ ಹೂ ಮುಡಿಸಿ, ಒಬ್ಬೊಬ್ಬರಾಗಿ ಒಳ್ಳೆಯ ಮಾತು ಹೇಳುತ್ತಿದ್ದರು. ಅತ್ತೆ ವಿಧವೆ, ಹಿಂದೆ ಗೋಡೆಗೆ ಒರಗಿ ಕೂತವರು. ಎಲ್ಲರದ್ದೂ ಮುಗಿದ ಮೇಲೆ ಅಲ್ಲಿಂದಲೇ ಹೇಳಿದರು:

"ನಾನು ಕಾಯಿಸದ ನೀರು ಕುಡಿಸಿ ಎರಡು ಮಕ್ಕಳನ್ನು ಕಳಕೊಂಡವಳು ಮಗಾ. ನೀನು ಕುದಿಸಿ ಕೊಡು."

ಶುಭದ ದಿನ ಇಂಥ ಮಾತೇ ಎಂದು ಯಾರೋ ಗೊಣಗಿದರು. ನನ್ನ ಅಮ್ಮ ಮಾತ್ರ ಎದ್ದು ಹೋಗಿ ಅತ್ತೆಯ ಪಕ್ಕ ಕೂತಳು. ಆಮೇಲೆ ಅವರು ಯಾವ ಬಸುರಿಯ ಮನೆಗೆ ಹೋದರೂ ಅದೇ ಮಾತನ್ನು ಹೇಳಿದರು, ಹಾಗೆ ಹೇಳುತ್ತಾರೆಂದು ಗೊತ್ತಿದ್ದೂ ಜನ ಅವರನ್ನು ಕರೆದರು. ಆದರೆ ನನಗೆ ನೆನಪಾಗುವುದು ಆ ಮೊದಲನೆಯ ಸಲ. ಅವರು ಅದನ್ನು ಹೇಳುವಾಗ ನನ್ನ ಮಗ ಅವರ ತೊಡೆಯ ಮೇಲೆ ಕೂತು, ತಂಗಿಗೆಂದು ಮಾಡಿದ ಉಂಡೆಯನ್ನು ತಿನ್ನುತ್ತಿದ್ದ.